ಫೈಲಿಗೆ 600 ಹಾಕಿದ್ದೆ, ಆದರೂ ಪಾಸ್‌ವರ್ಡ್ ಹೊರಗೆ ಬಿದ್ದಿದ್ದು ಹೇಗೆ?

ಹಿಂಜವಡಿ ಹೈದ:
ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ಒಂದು ಸಣ್ಣ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಹನ್ನೆರಡು ಜನ ಒಂದೇ ಲಿನಕ್ಸ್ ಸರ್ವರ್‌ಗೆ ಲಾಗಿನ್ ಆಗುತ್ತೇವೆ, ಒಬ್ಬೊಬ್ಬರಿಗೆ ಒಂದೊಂದು ಅಕೌಂಟ್. ರಾತ್ರಿ ಡೇಟಾಬೇಸ್ ಬ್ಯಾಕಪ್ ತೆಗೆಯೋಕೆ ಪೈಥಾನ್‌ನಲ್ಲಿ ನಾನೇ ಒಂದು ಸ್ಕ್ರಿಪ್ಟ್ ಬರೆದಿದ್ದೇನೆ. ಪಾಸ್‌ವರ್ಡ್ ಬೇರೆ ಫೈಲಿನಲ್ಲಿದೆ, ಅದಕ್ಕೆ 600 ಹಾಕಿದ್ದೇನೆ, ಅಂದರೆ ನಾನು ಬಿಟ್ಟರೆ ರೂಟ್, ಅಂದರೆ ಸರ್ವರಿನ ಅಡ್ಮಿನ್ ಅಕೌಂಟ್, ಮಾತ್ರ ಓದಬಹುದು. ಹೊತ್ತಿಗೆ ಸರಿಯಾಗಿ ಕೆಲಸ ಶುರು ಮಾಡೋ ಕ್ರಾನ್‌ನಲ್ಲಿರೋ ಸಾಲು ಆ ಫೈಲನ್ನು ಓದಿ, ಪಾಸ್‌ವರ್ಡನ್ನು ಸ್ಕ್ರಿಪ್ಟಿಗೆ ಆರ್ಗ್ಯುಮೆಂಟ್ ಆಗಿ, ಅಂದರೆ ಕಮಾಂಡಿನ ಸಾಲಿನಲ್ಲೇ ಸೇರಿಸಿ, ಕೊಡುತ್ತದೆ.

ಮೊನ್ನೆ ಹೊಸದಾಗಿ ಸೇರಿದ ಟ್ರೇನಿ ಹುಡುಗ ಬಂದು ಒಂದು ಚೀಟಿ ತೋರಿಸಿ, "ಸರ್, ಇದು ನಿಮ್ಮ ಡೇಟಾಬೇಸ್ ಪಾಸ್‌ವರ್ಡ್ ಅಲ್ವಾ?" ಅಂದ. ಎದೆ ಧಸಕ್ ಅಂತು. ಅವನಿಗೆ ರೂಟ್ ಇಲ್ಲ, ರೂಟ್ ಆಗಿ ಕಮಾಂಡ್ ಓಡಿಸೋ ಸುಡೊ ಕೂಡ ಇಲ್ಲ. ಮ್ಯಾನೇಜರ್ ಅಂತೂ ಹ್ಯಾಕ್ ಮಾಡಿದ್ದಾನೆ, ಮನೆಗೆ ಕಳಿಸಿ ಅಂತ ಕೂಗಾಡುತ್ತಿದ್ದಾರೆ. ಲಾಗ್ ಎಲ್ಲ ಜಾಲಾಡಿದೆ, ಏನೂ ಸಿಗಲಿಲ್ಲ. ಎಲ್ಲಿ ತಪ್ಪಿದೆ?

ಮಾಟುಂಗಾ ಮಾಮ:
ತಮ್ಮಾ, ಮೊದಲು ಆ ಹುಡುಗನಿಗೆ ಒಂದು ವಡಾಪಾವ್ ಕೊಡಿಸು. ಅವನು ಹ್ಯಾಕ್ ಮಾಡಿಲ್ಲ, ಪಿಎಸ್ ಕಮಾಂಡ್ ಹೊಡೆದಿದ್ದಾನೆ, ಅಷ್ಟೇ. ಯಾವ ಪ್ರೋಗ್ರಾಂ ಓಡುತ್ತಿದೆ ಅಂತ ನೋಡೋದು ಕಳ್ಳತನ ಅಲ್ಲ. ಲಾಗ್‌ನಲ್ಲಿ ಸಿಗದಿದ್ದಕ್ಕೂ ಅದೇ ಕಾರಣ, ಇದನ್ನೆಲ್ಲ ಯಾರೂ ಬರೆದಿಡುವುದಿಲ್ಲ.

ಪ್ರಾಕ್ ಅಂತ ಒಂದು ಡೈರೆಕ್ಟರಿ ಇದೆಯಲ್ಲ, ಅದು ಡಿಸ್ಕಿನಲ್ಲಿ ಇರೋದೇ ಇಲ್ಲ. ನೀನು ಓದೋಕೆ ಹೋದಾಗ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಆ ಕ್ಷಣಕ್ಕೆ ಬರೆದುಕೊಡುತ್ತದೆ. ಪ್ರತಿ ಪ್ರಾಸೆಸ್‌ಗೂ, ಅಂದರೆ ಓಡುತ್ತಿರೋ ಪ್ರೋಗ್ರಾಂಗೂ, ಅದರ ನಂಬರಿನ ಹೆಸರಲ್ಲಿ ಒಂದು ಡೈರೆಕ್ಟರಿ. ಅದರೊಳಗೆ ಸಿಎಂಡಿಲೈನ್ ಅನ್ನೋ ಫೈಲಿದೆ, ಪ್ರೋಗ್ರಾಂ ಶುರುವಾದಾಗ ಕೊಟ್ಟ ಆರ್ಗ್ಯುಮೆಂಟುಗಳೆಲ್ಲ ಅದರಲ್ಲಿ ಸಿಗುತ್ತವೆ. ಅದರ ಪರ್ಮಿಷನ್ 444, ಅಂದರೆ ಊರಿಗೆಲ್ಲ ಓದೋಕೆ ಬಿಟ್ಟಿದ್ದು. ಪಿಎಸ್ ಓದೋದು ಇದನ್ನೇ. ನೀನು ತಿಜೋರಿಗೆ ಗಟ್ಟಿ ಬೀಗ ಹಾಕಿದೆ, ದುಡ್ಡನ್ನು ಹೊರಗೆ ತಂದು ದಾದರ್ ಸ್ಟೇಷನ್ ಸೇತುವೆ ಮೇಲೆ ನಿಂತು ಎಣಿಸಿದೆ.

ಪಕ್ಕದಲ್ಲೇ ಎನ್ವಿರಾನ್ ಅನ್ನೋ ಫೈಲಿದೆ, ಪ್ರೋಗ್ರಾಂ ಜೊತೆ ಕೊಟ್ಟ ಎನ್ವಿರಾನ್ಮೆಂಟ್ ವೇರಿಯಬಲ್‌ಗಳು, ಅಂದರೆ ಹೆಸರಿಟ್ಟ ಸೆಟ್ಟಿಂಗುಗಳು, ಅದರಲ್ಲಿರುತ್ತವೆ. ಅದು 400, ಬೇರೆ ಯೂಸರ್ ಓದೋಕೆ ಆಗುವುದಿಲ್ಲ. ಹಾಗಂತ ಪಾಸ್‌ವರ್ಡನ್ನು ಎನ್ವಿರಾನ್ಮೆಂಟ್ ವೇರಿಯಬಲ್‌ಗೆ ತುಂಬಬೇಡ. ಆ ಸ್ಕ್ರಿಪ್ಟ್ ಹುಟ್ಟಿಸೋ ಪ್ರತಿ ಪ್ರೋಗ್ರಾಂಗೂ ಅದು ಸುಮ್ನೆ ಬಳುವಳಿಯಾಗಿ ಹೋಗುತ್ತದೆ. ಪೈಥಾನ್ ಸ್ಕ್ರಿಪ್ಟೇ ನೇರವಾಗಿ ಆ 600 ಫೈಲನ್ನು ತೆರೆದು ಓದಲಿ. ಎರಡು ಸಾಲಿನ ಕೆಲಸ.

"ಮೈಎಸ್‌ಕ್ಯೂಎಲ್ ಡೇಟಾಬೇಸ್ ಕ್ಲೈಂಟ್‌ಗೆ ಹೀಗೇ ಪಾಸ್‌ವರ್ಡ್ ಕೊಟ್ಟರೆ ಪಿಎಸ್‌ನಲ್ಲಿ ಕಾಣುವುದಿಲ್ಲವಲ್ಲ" ಅಂತ ಯಾರಾದರೂ ಬಂದೇ ಬರುತ್ತಾರೆ. ಆ ಕ್ಲೈಂಟ್ ಶುರುವಾದ ಮೇಲೆ ತನ್ನ ಆರ್ಗ್ಯುಮೆಂಟನ್ನು ತಾನೇ ಅಳಿಸಿ ಎಕ್ಸ್‌ ಅಕ್ಷರ ತುಂಬುತ್ತದೆ. ಅಳಿಸೋ ಮೊದಲು ಒಂದು ಚೂರು ಹೊತ್ತು ಕಂಡೇ ಕಾಣುತ್ತದೆ. ಕಾದು ಕೂತವನಿಗೆ ಅಷ್ಟು ಸಾಕು.

ಮಡಗಾಂವ್ ರೂಟ್:
ಮಾಮ ಹೇಳಿದ್ದು ಸರಿ. ಜೊತೆಗೆ ಪ್ರಾಕ್ ಅನ್ನು ಹೈಡ್‌ಪಿಡ್ ಆಯ್ಕೆ ಕೊಟ್ಟು ಮೌಂಟ್ ಮಾಡಿ. 2012ರ ಕರ್ನಲ್ 3.3ರಿಂದ ಇದೆ. 1 ಕೊಟ್ಟರೆ ಬೇರೆಯವರ ಪ್ರಾಸೆಸ್ ಇದೆ ಅಂತ ಕಾಣುತ್ತದೆ, ಒಳಗೆ ಇಣುಕೋಕೆ ಆಗುವುದಿಲ್ಲ. 2 ಕೊಟ್ಟರೆ ಪಟ್ಟಿಯಲ್ಲೇ ಇರುವುದಿಲ್ಲ. ಆಂಡ್ರಾಯ್ಡ್ ಕೂಡ 7ನೇ ಆವೃತ್ತಿಯಿಂದ ಇದನ್ನೇ ಮಾಡಿ ಒಂದು ಆಪ್ ಇನ್ನೊಂದನ್ನು ನೋಡದ ಹಾಗೆ ತಡೆಯಿತು. ಇದೂ ಪೂರ್ತಿ ಪರದೆ ಅಲ್ಲ ಅನ್ನಿ. ಯಾವುದೋ ಪ್ರಾಸೆಸ್ ನಂಬರಿಗೆ 0 ಸಿಗ್ನಲ್ ಕೊಟ್ಟು ಕಿಲ್ ಕಮಾಂಡ್ ಹೊಡೆದರೆ (ಇದು ಯಾವುದನ್ನೂ ನಿಲ್ಲಿಸುವುದಿಲ್ಲ), "ಅನುಮತಿ ಇಲ್ಲ" ಅಂತ ಬಂದರೆ ಪ್ರಾಸೆಸ್ ಇದೆ, "ಅಂಥದ್ದು ಇಲ್ಲ" ಅಂತ ಬಂದರೆ ಇಲ್ಲ. ಬೈಯೋ ರೀತಿಯಲ್ಲೇ ಗುಟ್ಟು ರಟ್ಟು.

ಆದರೆ ನನಗೆ ಪ್ರಾಕ್‌ಗಿಂತ ಜಾಸ್ತಿ ಹೆದರಿಕೆ ಇರೋದು ಮಾಮೂಲಿ ಡೈರೆಕ್ಟರಿಗಳ ಬಗ್ಗೆ. ಫೈಲಿಗೆ 600 ಹಾಕಿದರೆ ಒಳಗಿನ ಬರಹ ಮಾತ್ರ ಮುಚ್ಚಿಕೊಳ್ಳುತ್ತದೆ. ಹೆಸರು, ಸೈಜು, ಯಾವಾಗ ಬದಲಾಯಿತು ಅನ್ನೋದಕ್ಕೆಲ್ಲ ಫೈಲಿನ ಪರ್ಮಿಷನ್ ಲೆಕ್ಕಕ್ಕೇ ಬರುವುದಿಲ್ಲ, ಅದು ಇರೋ ಡೈರೆಕ್ಟರಿಯದ್ದು ಮುಖ್ಯ. ಹಿಂದಿನ ಆಫೀಸಿನಲ್ಲಿ ಒಬ್ಬ ಸಾಹೇಬರ ಹೋಮ್ ಡೈರೆಕ್ಟರಿ 755 ಇತ್ತು, ಅಂದರೆ ಒಳಗೆ ಏನೇನಿದೆ ಅಂತ ಯಾರು ಬೇಕಾದರೂ ನೋಡಬಹುದು. ಅದರಲ್ಲಿ ಯಾರನ್ನು ತೆಗೆಯಬೇಕು ಅನ್ನೋ ಪಟ್ಟಿ, ಫೈಲಿನ ಹೆಸರೂ ಅದೇ, ನೀಟಾಗಿ 600. ಯಾರೂ ತೆರೆಯಲಿಲ್ಲ. ದಿನಾ ಸಂಜೆ ಅದರ ಸೈಜು ಎಷ್ಟು ಏರಿತು ಅಂತ ನೋಡಿಕೊಂಡು ಇಡೀ ಫ್ಲೋರ್ ರೆಸ್ಯೂಮೆ ಬರೆಯೋಕೆ ಕೂತಿತ್ತು. ಉಬುಂಟು ಲಿನಕ್ಸ್ ಹೊಸ ಹೋಮ್ ಡೈರೆಕ್ಟರಿಗಳಿಗೆ 750, ಅಂದರೆ ಹೊರಗಿನವರಿಗೆ ಬಾಗಿಲು ಬಂದ್, ಕೊಡೋಕೆ ಶುರು ಮಾಡಿದ್ದು 21.04ರಲ್ಲಿ. ಹಳೇ ಅಕೌಂಟುಗಳು ಹಾಗೇ ಇರುತ್ತವೆ, ನೋಡಿಕೊಳ್ಳಿ.

ಕೋಥ್ರೂಡ್ ಕಾಕಾ:
ಹನ್ನೆರಡು ಜನರ ಆಫೀಸಿಗೆ ಇಷ್ಟೆಲ್ಲ ಯಾಕ್ರೀ? ಸೈಜು ನೋಡಿದರೆ ಏನು ಮಹಾ ಹೋಗುತ್ತದೆ?

ಮಾಟುಂಗಾ ಮಾಮ:
ಕಾಕಾ, ಬರೀ ಒಂದು ಅಂಕಿ ತಾನೇ ಅಂತ ಇಂಟೆಲ್ ಪ್ರೊಸೆಸರ್ ಎಷ್ಟು ಕರೆಂಟ್ ಎಳೆಯುತ್ತಿದೆ ಅನ್ನೋದನ್ನು ಸಿಸ್‌ಎಫ್‌ಎಸ್‌ನಲ್ಲಿ, ಅಂದರೆ ಪ್ರಾಕ್ ತರಹವೇ ಕರ್ನಲ್ ಬರೆದುಕೊಡೋ ಇನ್ನೊಂದು ಜಾಗದಲ್ಲಿ, ಒಂದು ಫೈಲಾಗಿ ಎಲ್ಲರಿಗೂ ಓದೋಕೆ ಬಿಟ್ಟಿದ್ದರು. 2020ರ ನವೆಂಬರ್‌ನಲ್ಲಿ ಆಸ್ಟ್ರಿಯಾದ ಗ್ರಾಟ್ಸ್ ತಾಂತ್ರಿಕ ವಿಶ್ವವಿದ್ಯಾಲಯದವರೂ ಇದ್ದ ಒಂದು ತಂಡ ಪ್ಲಾಟಿಪಸ್ ಅಂತ ಹೆಸರಿಟ್ಟು ಒಂದು ದಾಳಿ ತೋರಿಸಿತು. ಆ ಅಂಕಿಯ ಏರಿಳಿತ ನೋಡಿಯೇ, ರೂಟ್ ಇಲ್ಲದೆ, ಕರ್ನಲ್ ಮೆಮೊರಿಯಲ್ಲಿ ಎಲ್ಲಿ ಕೂತಿದೆ ಅಂತ ಪತ್ತೆ ಮಾಡಿದ್ದರು. ಕೂತ ಜಾಗ ಗೊತ್ತಾಗದಿರಲಿ ಅಂತಲೇ ಕರ್ನಲ್ ಪ್ರತಿ ಬೂಟ್‌ಗೂ ಜಾಗ ಬದಲಿಸೋದು. ಆಮೇಲೆ ಆ ಫೈಲು ರೂಟಿಗೆ ಮಾತ್ರ ಅಂತಾಯಿತು. ನಿಮ್ಮ ಆಫೀಸಿನಲ್ಲಿ ಯಾರೂ ಅಷ್ಟು ಮಾಡುವುದಿಲ್ಲ, ಒಪ್ಪಿದೆ. ಪಿಎಸ್ ಹೊಡೆಯೋಕೆ ಮಾತ್ರ ಪಿಎಚ್‌ಡಿ ಬೇಡ.

ಹಿಂಜವಡಿ ಹೈದ:
ಎಲ್ಲರಿಗೂ ಥ್ಯಾಂಕ್ಸ್. ಪಾಸ್‌ವರ್ಡ್ ಬದಲಿಸಿದೆ, ಸ್ಕ್ರಿಪ್ಟೇ ಈಗ ಫೈಲ್ ಓದುತ್ತದೆ. ಹೈಡ್‌ಪಿಡ್ 2 ಹಾಕಿದೆ. ಅವತ್ತೇ ರಾತ್ರಿ 2 ಗಂಟೆಗೆ ಫೋನ್ ಬಂತು, ಸರ್ವರ್‌ನಲ್ಲಿ ಏನೂ ಓಡುತ್ತಿಲ್ಲ ಅಂತ! ಮಾನಿಟರಿಂಗ್ ಏಜೆಂಟ್ ಮಾಮೂಲಿ ಯೂಸರ್ ಆಗಿ ಓಡುತ್ತಿತ್ತು, ಪಾಪ ಅದಕ್ಕೂ ಏನೂ ಕಂಡಿಲ್ಲ. ಒಂದು ಗ್ರೂಪ್ ಮಾಡಿ, ಆ ಗ್ರೂಪಿನವರಿಗೆ ಎಲ್ಲ ಕಾಣಲಿ ಅಂತ ಪ್ರಾಕ್‌ನ ಜಿಐಡಿ ಆಯ್ಕೆಯಲ್ಲಿ ಅದನ್ನು ಕೊಟ್ಟು, ಏಜೆಂಟನ್ನು ಅದಕ್ಕೆ ಸೇರಿಸಿ ರೀಸ್ಟಾರ್ಟ್ ಮಾಡಿದ ಮೇಲೆ ಸರಿಹೋಯಿತು.

ಮ್ಯಾನೇಜರ್ ಇನ್ನೂ ಸಾರಿ ಕೇಳಿಲ್ಲ, ಆದರೆ ಹುಡುಗ ಉಳಿದುಕೊಂಡ. ನಿನ್ನೆ ಚಹಾ ಕುಡಿಯುವಾಗ ಮೆಲ್ಲಗೆ ಹತ್ತಿರ ಬಂದು, "ಸರ್, ನಿಮ್ಮ ಹೋಮ್ ಡೈರೆಕ್ಟರಿನೂ 755 ಇದೆ. ಮಂಗಳವಾರ ರಾತ್ರಿ ರೆಸ್ಯೂಮೆ ಅಪ್‌ಡೇಟ್ ಮಾಡಿದ್ರಲ್ವಾ?" ಅಂದ.