ತಮ್ಮನನ್ನು ಸಂಶೋಧನೆಗೆ ಸೇರಿಸಬಹುದೇ? – ಮನೋವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಹಾಸನದ ಸದಸ್ಯೆ):

ಮೇಡಂ, ನಮಸ್ಕಾರ. ನನ್ನ ತಮ್ಮನಿಗೆ 29 ವರ್ಷ. ಆರು ವರ್ಷಗಳಿಂದ ಸ್ಕಿಜೋಫ್ರೇನಿಯಾಕ್ಕೆ ಚಿಕಿತ್ಸೆ ನಡೆಯುತ್ತಿದೆ. ಮಾತ್ರೆ ತಪ್ಪಿಸದಿದ್ದರೆ ಅಂಗಡಿಯ ಲೆಕ್ಕ ನೋಡಿಕೊಳ್ಳುವಷ್ಟು ಚೆನ್ನಾಗಿರುತ್ತಾನೆ. ಕಳೆದ ತಿಂಗಳು ಬೆಂಗಳೂರಿಗೆ ತೋರಿಸಲು ಹೋಗಿದ್ದಾಗ ಸಂಶೋಧನೆಯ ಕೆಲಸ ಮಾಡುವ ಹುಡುಗಿಯೊಬ್ಬಳು ಏಳು ಪುಟಗಳ ಕಾಗದ ಕೊಟ್ಟು, ತಮ್ಮನ ರಕ್ತದ ಮಾದರಿ ಮತ್ತು ಎಂಆರ್‌ಐ ಬೇಕು, ಸಾಧ್ಯವಾದರೆ ನಮ್ಮ ತಾಯಿಯ ರಕ್ತವೂ ಬೇಕು ಎಂದಳು. ನಮ್ಮ ಸೋದರಮಾವನಿಗೂ ಇದೇ ಕಾಯಿಲೆ ಇತ್ತು. ಒಲ್ಲೆವೆಂದರೆ ಡಾಕ್ಟರು ಬೇಸರಪಟ್ಟುಕೊಂಡು ಮೊದಲಿನಂತೆ ನೋಡಲಾರರು ಎಂದು ಅಮ್ಮ ಹೆದರಿದ್ದಾರೆ. ಹೊಸ ಔಷಧ ಸಿಕ್ಕೀತು, ಸೇರಿಸಿಬಿಡಿ ಎಂದು ಭಾವ ಹೇಳುತ್ತಾರೆ. ನಾವು ಏನು ಮಾಡಬೇಕು?

ಉತ್ತರ (ಮನೋವೈದ್ಯೆ):

ನಮಸ್ಕಾರ. ನಿಮ್ಮ ತಾಯಿಯವರ ಹೆದರಿಕೆ ಮತ್ತು ನಿಮ್ಮ ಭಾವನವರ ಆಸೆ ನೋಡಲು ಬೇರೆಬೇರೆ ಎನಿಸಿದರೂ ಎರಡೂ ಒಂದೇ ಬೇರಿನಿಂದ ಹುಟ್ಟಿವೆ. ಸಂಶೋಧನೆಯೂ ಚಿಕಿತ್ಸೆಯ ಒಂದು ಭಾಗ ಎಂದು ಇಬ್ಬರೂ ತಿಳಿದಿದ್ದಾರೆ. ಅದು ಹಾಗಲ್ಲ. ಚಿಕಿತ್ಸೆ ನಡೆಯುವುದು ನಿಮ್ಮ ತಮ್ಮನಿಗಾಗಿ. ಸಂಶೋಧನೆ ನಡೆಯುವುದು ಒಂದು ಪ್ರಶ್ನೆಗೆ ಉತ್ತರ ಹುಡುಕುವುದಕ್ಕಾಗಿ, ಆ ಉತ್ತರ ದೊರೆತರೂ ಅದರ ಪ್ರಯೋಜನ ಸಾಮಾನ್ಯವಾಗಿ ಮುಂದೆ ಬರುವ ರೋಗಿಗಳಿಗೆ. ಹಿಂದೊಮ್ಮೆ ಒಬ್ಬ ತಾಯಿ ಒಪ್ಪಿಗೆ ಪತ್ರದ ಮೇಲೆ ಪೆನ್ನು ಊರಿ, ಸಹಿ ಹಾಕದೆ ತಲೆಯೆತ್ತಿ, "ಇದರಿಂದ ನನ್ನ ಮಗನಿಗೆ ಏನು ಸಿಗುತ್ತದೆ ಹೇಳಿ" ಎಂದು ಕೇಳಿದ್ದರು. "ನಿಮ್ಮ ಮಗನಿಗೆ ಏನೂ ಸಿಗುವುದಿಲ್ಲ ಅಮ್ಮ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಸಹಿ ಹಾಕಿದರು. ಆ ಉತ್ತರ ಕೇಳದೆ ಹಾಕಿದ ಸಹಿಯನ್ನು ನಾನು ಒಪ್ಪಿಗೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಮೊದಲು ಅಮ್ಮನ ಹೆದರಿಕೆಗೆ ಉತ್ತರ. ಅಧ್ಯಯನಕ್ಕೆ ಸೇರದಿದ್ದರೆ ಅಥವಾ ಸೇರಿದ ಮೇಲೆ ನಡುವೆ ಬಿಟ್ಟರೆ ಚಿಕಿತ್ಸೆಯಲ್ಲಿ ಯಾವ ವ್ಯತ್ಯಾಸವೂ ಆಗಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರಲ್ಲಿ ಹೊರತಂದ ನೈತಿಕ ಮಾರ್ಗಸೂಚಿಗಳು ಇದನ್ನು ಸ್ಪಷ್ಟವಾಗಿ ಹೇಳುತ್ತವೆ, ನಿಮ್ಮ ಕೈಯಲ್ಲಿರುವ ಏಳು ಪುಟಗಳಲ್ಲಿಯೂ ಈ ಮಾತು ಇರಲೇಬೇಕು. ಇರದಿದ್ದರೆ ಅದೊಂದೇ ಕಾರಣಕ್ಕೆ ನೀವು ಹಿಂದೆ ಸರಿಯಬಹುದು. ಕಾಗದದ ಕೊನೆಯ ಪುಟದಲ್ಲಿ ಎರಡು ಸಂಪರ್ಕ ವಿವರಗಳಿರುತ್ತವೆ: ಒಂದು ಸಂಶೋಧಕರದ್ದು, ಇನ್ನೊಂದು, ಅಧ್ಯಯನಕ್ಕೆ ಸೇರಿದವರ ಹಿತ ಕಾಯುವ ಆ ಸಂಸ್ಥೆಯ ನೈತಿಕ ಸಮಿತಿಯದ್ದು. ಎರಡನೆಯದು ಇರುವುದು ಸಂಶೋಧಕರ ಮೇಲೆಯೇ ದೂರು ಹೇಳಬೇಕಾದಾಗ ಬಳಸುವುದಕ್ಕೆ ಎಂಬುದನ್ನು ಹೆಚ್ಚಿನ ಕುಟುಂಬಗಳಿಗೆ ಯಾರೂ ತಿಳಿಸುವುದಿಲ್ಲ.

ಭಾವನವರ ಆಸೆಗೆ ಬಂದರೆ, ನೀವು ವಿವರಿಸಿದ ಅಧ್ಯಯನದಲ್ಲಿ ಔಷಧವೇ ಇಲ್ಲ. ಒಂದೇ ಕುಟುಂಬದಲ್ಲಿ ಇಬ್ಬರಿಗೆ ಕಾಯಿಲೆ ಇದ್ದು, ತಾಯಿಯ ರಕ್ತವನ್ನೂ ಕೇಳುತ್ತಿದ್ದಾರೆ ಎಂದರೆ ಅದು ಬಹುಶಃ ಅನುವಂಶೀಯತೆಯನ್ನು ಹುಡುಕುವ ಅಧ್ಯಯನ. ಇಂಥ ಕೆಲಸಕ್ಕೆ ಬೆಂಗಳೂರಿನಲ್ಲಿ ಒಂದು ಪರಂಪರೆಯೇ ಇದೆ. ನಿಮ್ಹಾನ್ಸ್, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಮತ್ತು ಇನ್‌ಸ್ಟೆಮ್ ಸಂಸ್ಥೆಗಳು ಸೇರಿ 2016ರಲ್ಲಿ ಆರಂಭಿಸಿದ ಕಾರ್ಯಕ್ರಮವೊಂದರಲ್ಲಿ, ಒಬ್ಬರಿಗಿಂತ ಹೆಚ್ಚು ಮಂದಿಗೆ ಸ್ಕಿಜೋಫ್ರೇನಿಯಾ, ಬೈಪೋಲಾರ್, ಗೀಳು, ಮದ್ಯವ್ಯಸನ ಅಥವಾ ಮರೆವಿನ ಕಾಯಿಲೆ ಇರುವ ಕುಟುಂಬಗಳಿಂದ ರಕ್ತ ಪಡೆದು, ಅದರ ಕೋಶಗಳನ್ನು ಪ್ರಯೋಗಾಲಯದಲ್ಲಿ, ಬೇರೆಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್‌ಗಳಾಗಿ ಹಿಂದಿರುಗಿಸಿ, ಅವುಗಳಿಂದ ನರಕೋಶಗಳನ್ನು ಬೆಳೆಸಿ ನೋಡುತ್ತಾರೆ. ಬದುಕಿರುವ ಮನುಷ್ಯನ ಮೆದುಳನ್ನು ತೆರೆದು ನೋಡಲಾಗದ್ದರಿಂದ ಹಿಡಿದಿರುವ ಬಳಸುದಾರಿ ಇದು. ಕಾಯಿಲೆ ಇಲ್ಲದ ನಿಮ್ಮ ತಾಯಿಯ ರಕ್ತ ಏಕೆ ಬೇಕು ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ: ಒಂದೇ ಮನೆಯ, ಬಹುಪಾಲು ಒಂದೇ ಬಗೆಯ ವಂಶವಾಹಿಗಳುಳ್ಳ ಇಬ್ಬರಲ್ಲಿ ಒಬ್ಬರಿಗೆ ಕಾಯಿಲೆ ಬಂದು ಇನ್ನೊಬ್ಬರಿಗೆ ಬಾರದೆ ಇರುವಾಗ, ಆ ವ್ಯತ್ಯಾಸವೇ ಸಂಶೋಧಕರಿಗೆ ಬೇಕಾದ ಸುಳಿವು.

ಸಹಿಗೆ ಮುಂಚೆ ಮೂರು ಸಂಗತಿಗಳನ್ನು ಬಾಯಿಬಿಟ್ಟು ಕೇಳಿ. ಎಂಆರ್‌ಐಯಲ್ಲಿ ಅನಿರೀಕ್ಷಿತವಾಗಿ ಗಡ್ಡೆಯೋ ಬೇರೆ ತೊಂದರೆಯೋ ಕಂಡರೆ ನಮಗೆ ತಿಳಿಸುತ್ತೀರಾ? ರಕ್ತದ ಮಾದರಿಯನ್ನು ಎಷ್ಟು ವರ್ಷ ಇಡುತ್ತೀರಿ, ಮುಂದೆ ಬೇರೆ ಅಧ್ಯಯನಕ್ಕೆ ಬಳಸುವುದಾದರೆ ಮತ್ತೆ ಕೇಳುತ್ತೀರಾ? ಹೆಸರು ಮತ್ತು ಮಾದರಿಯ ಸಂಖ್ಯೆಯನ್ನು ಜೋಡಿಸುವ ಪಟ್ಟಿ ಯಾರ ಬಳಿ ಇರುತ್ತದೆ? ಇವುಗಳಿಗೆ ನೇರ ಉತ್ತರ ಕೊಡಲು ತಡವರಿಸುವವರ ಅಧ್ಯಯನಕ್ಕೆ ನಾನಾದರೆ ಸೇರುವುದಿಲ್ಲ.

ಪ್ರಶ್ನೆ (ಮಂಡ್ಯದ ಸದಸ್ಯರು):

ಮೇಡಂ, ಇದಕ್ಕೆ ಸೇರಿದ ಇನ್ನೊಂದು ಅನುಮಾನ. ಮೇಲಿನ ಸದಸ್ಯೆ "ನಾವು" ಎಂದು ಬರೆದಿದ್ದಾರೆ. ನನ್ನ ಮಗನಿಗೂ ಇದೇ ಕಾಯಿಲೆ. ಅವನ ಎಲ್ಲ ಕಾಗದಗಳಿಗೂ ನಾನೇ ಸಹಿ ಹಾಕುತ್ತ ಬಂದಿದ್ದೇನೆ. ಸಂಶೋಧನೆಗೂ ತಂದೆಯ ಸಹಿ ಸಾಲದೇ?

ಉತ್ತರ:

ಸಾಲದು, ಮತ್ತು ನೀವು ಆ "ನಾವು" ಎಂಬ ಪದವನ್ನು ಗಮನಿಸಿದ್ದು ಒಳ್ಳೆಯದಾಯಿತು. ಮೊದಲ ಉತ್ತರದಲ್ಲಿ ನಾನೇ ಅದನ್ನು ಹೇಳಬೇಕಿತ್ತು. 2018ರ ಮೇ ತಿಂಗಳಿನಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, 2017ರ 99ನೇ ಕಲಮಿನ ಪ್ರಕಾರ, ಮಾನಸಿಕ ಕಾಯಿಲೆ ಇರುವ ವ್ಯಕ್ತಿಯೊಂದಿಗೆ ಬರೀ ಸಂದರ್ಶನ ನಡೆಸುವ ಸಂಶೋಧನೆಗೂ ಆ ವ್ಯಕ್ತಿಯದೇ ಸ್ವತಂತ್ರ ಒಪ್ಪಿಗೆ ಬೇಕು. ಕಾಯಿಲೆ ಇದೆ ಎಂದ ಮಾತ್ರಕ್ಕೆ ನಿರ್ಧಾರ ಮಾಡುವ ಶಕ್ತಿ ಇಲ್ಲವೆಂದು ಕಾನೂನು ತಿಳಿಯುವುದಿಲ್ಲ. ಹೇಳಿದ್ದನ್ನು ಅರ್ಥಮಾಡಿಕೊಂಡು, ಅದರ ಪರಿಣಾಮವನ್ನು ಊಹಿಸಿ, ಮಾತಿನಿಂದಲೋ ಸನ್ನೆಯಿಂದಲೋ ತನ್ನ ತೀರ್ಮಾನವನ್ನು ತಿಳಿಸಬಲ್ಲವನಾದರೆ, ನಿರ್ಧಾರ ಅವನದೇ.

ತೀರ ಒಪ್ಪಿಗೆ ಕೊಡಲಾಗದ ಸ್ಥಿತಿಯಲ್ಲಿರುವವರ ಮೇಲೆ ಔಷಧವನ್ನೋ ಬೇರೆ ಚಿಕಿತ್ಸಾ ಕ್ರಮವನ್ನೋ ಪ್ರಯೋಗಿಸುವ ಸಂಶೋಧನೆಗೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಅನುಮತಿ ಬೇಕು. ಒಪ್ಪಿಗೆ ಕೊಡಬಲ್ಲವರ ಮೇಲೆ ಅದೇ ಸಂಶೋಧನೆ ಮಾಡಲು ಸಾಧ್ಯವಿಲ್ಲ ಎಂಬುದು ಪ್ರಾಧಿಕಾರಕ್ಕೆ ಮನವರಿಕೆಯಾದ ನಂತರವೇ, ಆ ವ್ಯಕ್ತಿಯ ಪರವಾಗಿ ನಿರ್ಧರಿಸಲು ಗೊತ್ತುಮಾಡಿರುವ ನಾಮನಿರ್ದೇಶಿತ ಪ್ರತಿನಿಧಿಯ ಒಪ್ಪಿಗೆ ಪಡೆದು ಮುಂದುವರಿಯಬಹುದು. ಆಗಲೂ ಆ ವ್ಯಕ್ತಿ ವಿರೋಧ ತೋರಬಾರದು. ನಿಮ್ಮ ಮಗ ತೋಳನ್ನು ಹಿಂದಕ್ಕೆ ಎಳೆದುಕೊಂಡರೆ ಸೂಜಿಯೂ ಅಲ್ಲಿಗೇ ನಿಲ್ಲಬೇಕು.

ತಂದೆಯಾಗಿ ಇದು ನಿಮಗೆ ಕಸಿವಿಸಿ ತರಬಹುದು. ಆದರೆ ನನ್ನ ಅನುಭವದಲ್ಲಿ, ಕಾಗದವನ್ನು ಮಗನ ಕೈಗೇ ಕೊಟ್ಟು, ಎರಡು ದಿನ ಬಿಟ್ಟು "ಇದರಲ್ಲಿ ಏನಿದೆ, ನನಗೆ ಹೇಳು" ಎಂದು ಕೇಳಿದ ಮನೆಗಳಲ್ಲಿ, ಮಗ ನಿರೀಕ್ಷೆಗಿಂತ ಹೆಚ್ಚು ತಿಳಿದುಕೊಂಡಿದ್ದ ಸಂದರ್ಭಗಳೇ ಜಾಸ್ತಿ.

ಪ್ರಶ್ನೆ (ದಾವಣಗೆರೆಯ ಸದಸ್ಯೆ):

ನಮ್ಮ ತಂದೆಗೆ ಮರೆವಿನ ಕಾಯಿಲೆ. ಹೊಸ ಔಷಧದ ಪ್ರಯೋಗಕ್ಕೆ ಸೇರಿಸುತ್ತೀರಾ ಎಂದು ಕೇಳಿದ್ದಾರೆ. ಅರ್ಧದಷ್ಟು ಮಂದಿಗೆ ಔಷಧವಿಲ್ಲದ ಮಾತ್ರೆ ಕೊಡುತ್ತಾರಂತೆ. ಇದು ಮೋಸವಲ್ಲವೇ? ಏನಾದರೂ ಹೆಚ್ಚುಕಡಿಮೆಯಾದರೆ ಯಾರು ಹೊಣೆ?

ಉತ್ತರ:

ಯಾರಿಗೆ ಯಾವ ಮಾತ್ರೆ ಸಿಗುತ್ತದೆ ಎಂಬುದು ಚೀಟಿ ಎತ್ತಿದಂತೆ ತೀರ್ಮಾನವಾಗುತ್ತದೆ ಎಂಬುದನ್ನು ಮೊದಲೇ ಹೇಳಿದ್ದರೆ ಅದು ಮೋಸವಲ್ಲ, ಮುಚ್ಚಿಟ್ಟಿದ್ದರೆ ಮೋಸ. ನೀವು ಕೇಳಬೇಕಾದ ಪ್ರಶ್ನೆ ಬೇರೆ: ತಂದೆಯವರು ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ ಮುಂದುವರಿಯುತ್ತದೆಯೇ, ಇಲ್ಲವೇ? ಈಗಿರುವ ಚಿಕಿತ್ಸೆಯ ಜೊತೆಗೆ ಹೊಸದನ್ನೋ ಪ್ಲಸೀಬೊ ಎನ್ನುವ ಆ ಔಷಧವಿಲ್ಲದ ಮಾತ್ರೆಯನ್ನೋ ಸೇರಿಸುವುದು ಒಂದು ಬಗೆ; ಈಗಿರುವುದನ್ನು ನಿಲ್ಲಿಸಿ ಪ್ಲಸೀಬೊ ಕೊಡುವುದು ಇನ್ನೊಂದು ಬಗೆ. ಎರಡನೆಯದಕ್ಕೆ ಬಹಳ ಬಲವಾದ ಸಮರ್ಥನೆ ಬೇಕು.

ಹೊಣೆಯ ವಿಚಾರದಲ್ಲಿ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ನಿಮ್ಮ ಪರವಾಗಿವೆ. ಪ್ರಯೋಗದ ಅವಧಿಯಲ್ಲಿ ತೊಂದರೆಯಾದರೆ ಅದಕ್ಕೆ ಉಚಿತ ಚಿಕಿತ್ಸೆ ಕೊಡಬೇಕು, ಪ್ರಯೋಗದಿಂದಲೇ ಆದ ಹಾನಿ ಅಥವಾ ಸಾವಿಗೆ ಪ್ರಾಯೋಜಕ ಕಂಪನಿ ಪರಿಹಾರ ನೀಡಬೇಕು. ಸಾಮಾನ್ಯ ಚಿಕಿತ್ಸೆ ಲಭ್ಯವಿದ್ದರೂ ಕೊಡದೆ ಪ್ಲಸೀಬೊ ಕೊಟ್ಟಿದ್ದರಿಂದ ಆದ ಹಾನಿಯನ್ನೂ ಆ ನಿಯಮಗಳು ಪ್ರಯೋಗದಿಂದಾದ ಹಾನಿ ಎಂದೇ ಪರಿಗಣಿಸುತ್ತವೆ. ಇನ್ನೊಂದು ಕೆಲಸವನ್ನು ನೀವು ಮನೆಯಲ್ಲೇ ಮಾಡಬಹುದು. 2009ರ ಜೂನ್ ತಿಂಗಳಿನಿಂದ ಭಾರತದಲ್ಲಿ ಔಷಧ ಪ್ರಯೋಗಗಳನ್ನು ಸಿಟಿಆರ್‌ಐ ಎಂಬ ರಾಷ್ಟ್ರೀಯ ನೋಂದಣಿಯಲ್ಲಿ ಮುಂಚಿತವಾಗಿ ದಾಖಲಿಸುವುದು ಕಡ್ಡಾಯ. ನೋಂದಣಿ ಸಂಖ್ಯೆ ಕೇಳಿ ಪಡೆದು ಅದರ ಜಾಲತಾಣದಲ್ಲಿ ಹುಡುಕಿದರೆ, ಎಷ್ಟು ಮಂದಿಯನ್ನು ಸೇರಿಸುತ್ತಾರೆ, ಯಾರ ಹಣ, ಯಾವ ನೈತಿಕ ಸಮಿತಿ ಒಪ್ಪಿದೆ ಎಂಬುದೆಲ್ಲ ಯಾರು ಬೇಕಾದರೂ ಓದುವಂತೆ ಇರುತ್ತದೆ. ಸಂಖ್ಯೆ ಕೊಡದವರೊಂದಿಗೆ ಮಾತು ಮುಂದುವರಿಸಬೇಡಿ.

ಪ್ರಶ್ನೆ (ಮೈಸೂರಿನ ಸದಸ್ಯರು):

ಒರಟಾಗಿ ಕೇಳುತ್ತಿದ್ದೇನೆ, ಕ್ಷಮಿಸಿ. ಇಷ್ಟು ವರ್ಷ ನಮ್ಮ ಜನ ರಕ್ತ ಕೊಟ್ಟು, ಪ್ರಶ್ನೆಗಳಿಗೆ ಉತ್ತರ ಕೊಟ್ಟು, ನಮಗೆ ಬಂದದ್ದೇನು? ಪ್ರಬಂಧಗಳು ವಿದೇಶಿ ಪತ್ರಿಕೆಗಳಲ್ಲಿ ಬರುತ್ತವೆ, ಅಷ್ಟೇ ಅಲ್ಲವೇ?

ಉತ್ತರ:

ನಿಮ್ಮ ಜಿಲ್ಲೆಯ ನೆರೆಯಿಂದಲೇ ಉತ್ತರ ಕೊಡುತ್ತೇನೆ. ಹಂಡೆಯ ಬಿಸಿನೀರನ್ನು ಚೊಂಬಿನಿಂದ ತಲೆಯ ಮೇಲೆ ಬಿಡುವಿಲ್ಲದೆ ಹೊಯ್ದುಕೊಳ್ಳುವಾಗ ಕೆಲವರಿಗೆ ಫಿಟ್ಸ್ ಬರುವುದನ್ನು ನಮ್ಮ ಕಡೆಯ ಹಿರಿಯರು ಕಂಡೇ ಇದ್ದರು, ಅದಕ್ಕೆ ದೆವ್ವದ ಕಾಟವೆಂಬ ಹೆಸರೂ ಇತ್ತು. 1960ರ ದಶಕದ ಕೊನೆಯಿಂದ ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಆಮೇಲೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮುಂತಾದವರು ಇಂಥ ರೋಗಿಗಳನ್ನು ಒಬ್ಬೊಬ್ಬರಾಗಿ ದಾಖಲಿಸಿ, ಇದು ಬಿಸಿನೀರಿನ ಅಪಸ್ಮಾರ ಎಂಬ ಬೇರೆಯೇ ಬಗೆಯ ಕಾಯಿಲೆ, ಕೆಲವು ಕುಟುಂಬಗಳಲ್ಲಿ ಹರಿದು ಬರುತ್ತದೆ ಎಂದು ತೋರಿಸಿದರು. ಅದರ ಫಲವಾಗಿ ಬಂದ ಸಲಹೆ ಬಹಳ ಸರಳವಾದದ್ದು: ನೀರಿನ ಬಿಸಿ ತಗ್ಗಿಸಿ, ಮೈಗೆ ಮೊದಲು ನೀರು ಹಾಕಿಕೊಂಡು ತಲೆಗೆ ಕೊನೆಗೆ ಸ್ವಲ್ಪಸ್ವಲ್ಪವೇ ಹಾಕಿಕೊಳ್ಳುವುದು. ಅದಕ್ಕೂ ಬಗ್ಗದಿದ್ದರೆ ತಲೆಸ್ನಾನದ ದಿನ ಮಾತ್ರ, ಸ್ನಾನಕ್ಕೆ ಒಂದೂವರೆ ಗಂಟೆ ಮುಂಚೆ, ವೈದ್ಯರು ಹೇಳಿದಷ್ಟು ಕ್ಲೋಬಜಾಮ್ ಮಾತ್ರೆ. ದಿನವೂ ಮಾತ್ರೆ ನುಂಗುವುದು ಇದರಿಂದ ಎಷ್ಟೋ ಜನರಿಗೆ ತಪ್ಪಿದೆ.

ಇದೇ ಡಾ. ಮಣಿಯವರ ತಂಡ ಯಳಂದೂರಿನ ಹಳ್ಳಿಗಳಲ್ಲಿ ಮನೆಮನೆ ತಿರುಗಿ ಮೂರ್ಛೆ ರೋಗವಿರುವವರನ್ನು ಗುರುತಿಸಿ, ಫೀನೋಬಾರ್ಬಿಟೋನ್ ಅಥವಾ ಫೆನಿಟಾಯಿನ್‌ನಂಥ ಅಗ್ಗದ ಹಳೆಯ ಮಾತ್ರೆಗಳಿಂದಲೇ ಹಳ್ಳಿಯಲ್ಲಿಯೇ ಫಿಟ್ಸ್ ಹತೋಟಿಗೆ ತರಬಹುದೆಂದು ತೋರಿಸಿತು. ಆ ಪ್ರಬಂಧ 2001ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು, ನೀವು ಹೇಳಿದಂತೆ ವಿದೇಶಿ ಪತ್ರಿಕೆಯೇ. ಹಾಗೆಯೇ 1980ರ ದಶಕದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ನಿಮ್ಹಾನ್ಸ್‌ನ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಇಂದು ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಿದ್ದರೆ ಅದರ ಹಿಂದೆ ಬಳ್ಳಾರಿಯ ಆ ಕೆಲಸವಿದೆ.

ನಿಮ್ಮ ಸಿಟ್ಟಿನಲ್ಲಿ ಒಂದು ನ್ಯಾಯವೂ ಇದೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 12 ರಾಜ್ಯಗಳಲ್ಲಿ ನಡೆದು, ವಯಸ್ಕರಲ್ಲಿ ಶೇ. 10.6 ಮಂದಿಗೆ ಮಾನಸಿಕ ತೊಂದರೆ ಇದೆ ಎಂದು ತಿಳಿಸಿತು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ತಲುಪಿರಲಿಲ್ಲ. ಇದನ್ನು ತಿಳಿಯಲು ಮನೆಯೊಳಗೆ ಕರೆದು, ಕೂರಿಸಿ, ಉತ್ತರ ಕೊಟ್ಟ ಸಾವಿರಾರು ಜನರಿಗೆ "ನೀವು ಕೊಟ್ಟ ಉತ್ತರದಿಂದ ಇಂಥದ್ದು ತಿಳಿಯಿತು" ಎಂದು ಅವರ ಭಾಷೆಯಲ್ಲಿ ಎರಡು ಪುಟ ಬರೆದು ಕಳಿಸುವ ರೂಢಿ ನಮ್ಮ ಸಂಶೋಧಕರಲ್ಲಿ ಇನ್ನೂ ಬೇರೂರಿಲ್ಲ. ನಾನೂ ಕಳಿಸಿಲ್ಲದ ಅಧ್ಯಯನಗಳಿವೆ.

ಮತ್ತೆ ಹಾಸನದ ಸದಸ್ಯೆ:

ಮೇಡಂ, ನೀವು ಹೇಳಿದಂತೆ ಕಾಗದವನ್ನು ತಮ್ಮನಿಗೇ ಕೊಟ್ಟೆ. ಮೂರು ದಿನ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆಯೇ ಇಟ್ಟುಕೊಂಡು ಓದಿದ. ರಕ್ತ ಕೊಡುತ್ತೇನೆ, ಆ ಕೊಳವೆಯಂಥ ಯಂತ್ರದೊಳಗೆ ಮಲಗುವುದಿಲ್ಲ ಎನ್ನುತ್ತಿದ್ದಾನೆ. ಅಮ್ಮ ಯಾವುದಕ್ಕೂ ಒಲ್ಲೆ ಎನ್ನುತ್ತಾರೆ. ಹೀಗೆ ಅರ್ಧಂಬರ್ಧ ಒಪ್ಪಬಹುದೇ?

ಉತ್ತರ:

ಒಪ್ಪಬಹುದು. ಸರಿಯಾಗಿ ಬರೆದ ಒಪ್ಪಿಗೆ ಪತ್ರದಲ್ಲಿ ರಕ್ತ, ಎಂಆರ್‌ಐ, ಮಾದರಿಯ ಮುಂದಿನ ಬಳಕೆ ಇವುಗಳ ಎದುರು ಹೌದು ಅಥವಾ ಇಲ್ಲ ಎಂದು ಗುರುತಿಸಲು ಬೇರೆಬೇರೆ ಜಾಗವಿರುತ್ತದೆ. ಎಂಆರ್‌ಐ ಇಲ್ಲದೆ ಅವನನ್ನು ಸೇರಿಸಿಕೊಳ್ಳಲಾಗದು ಎಂದು ಅವರು ಹೇಳಿದರೆ ಅದು ಅವರ ಅಧ್ಯಯನದ ಅಗತ್ಯ, ಅಲ್ಲಿಗೆ ಬಿಟ್ಟುಬಿಡಿ. ತಾಯಿಯವರ ಇಲ್ಲ ಎಂಬುದಕ್ಕೆ ಕಾರಣ ಕೇಳುವ ಹಕ್ಕು ಯಾರಿಗೂ ಇಲ್ಲ, ನಿಮಗೂ ಇಲ್ಲ. ತಮ್ಮ ಸಹಿ ಹಾಕುವ ದಿನ ತನ್ನ ಕೈಯಿಂದಲೇ ದಿನಾಂಕ ಬರೆಯಲಿ, ಸಹಿಯಾದ ಪ್ರತಿಯೊಂದನ್ನು ಅಲ್ಲಿಯೇ ಕೇಳಿ ಪಡೆದು ಔಷಧ ಚೀಟಿಗಳ ಜೊತೆ ಇಟ್ಟುಕೊಳ್ಳಲಿ. ಮುಂದೊಂದು ದಿನ ಬೇಡವೆನಿಸಿದರೆ ಕರೆ ಮಾಡಬೇಕಾದ ಸಂಖ್ಯೆ ಅದರ ಕೊನೆಯ ಪುಟದಲ್ಲೇ ಇರುತ್ತದೆ.