ಕೆರೆಗೆ ನೀರುಕಾಗೆ, ಗದ್ದೆಗೆ ರಾಟವಾಳ: ಓಡಿಸಲು ಯಂತ್ರ ಮಾಡುವುದು ಹೇಗೆ?

ಬೆಸುಗೆ ಹುಡುಗ (ಪೊನ್ನಂಪೇಟೆ, ಕೊಡಗು)
ಅಕ್ಕಪಕ್ಕದ ಮನೆಯವರು ಸೇರಿ ಹಕ್ಕಿ ಓಡಿಸುವ ಒಂದು ಯಂತ್ರ ಮಾಡೋಣ ಅಂತಿದ್ದೇವೆ. ತೋಟದ ಕೆರೆಗೆ ಕಾಟ್ಲಾ, ರೋಹು ಮರಿ ಬಿಟ್ಟಿದ್ದೇವೆ. ಬೆಳಗಾದರೆ ನೀರುಕಾಗೆ, ಆಮೇಲೆ ಬೆಳ್ಳಕ್ಕಿ. ಕೆಳಗಿನ ಗದ್ದೆಯಲ್ಲಿ ಭತ್ತ ಹಾಲು ತುಂಬುವಾಗ ರಾಟವಾಳದ (ಮುನಿಯಾ ಹಕ್ಕಿ) ಹಿಂಡು. 12 ವೋಲ್ಟ್ ಬ್ಯಾಟರಿ, ಸೋಲಾರ್ ಪ್ಯಾನೆಲ್, ಒಂದು ಹಾರ್ನ್ ಸ್ಪೀಕರ್, ಸೆನ್ಸರ್. ಹಕ್ಕಿ ಬಂದ ಕೂಡಲೇ ಗಿಡುಗದ ಕೂಗು ಬರಬೇಕು. ಇಲ್ಲಾಂದ್ರೆ ಆನ್‌ಲೈನಲ್ಲಿ ಸಿಗುವ ಅಲ್ಟ್ರಾಸಾನಿಕ್ ಡಬ್ಬಿಯೇ ಸಾಕಾ? ಏನಂತೀರಿ?

ಹಕ್ಕಿನೋಟ
ಆ ಡಬ್ಬಿಗೆ ದುಡ್ಡು ಹಾಕಬೇಡಿ. ಅಲ್ಟ್ರಾಸಾನಿಕ್ ಅಂದ್ರೆ 20,000 ಹರ್ಟ್ಜ್‌ಗಿಂತ ಮೇಲಿನ ಸದ್ದು. ಅದು ನಮಗೂ ಕೇಳಿಸುವುದಿಲ್ಲ, ಹಕ್ಕಿಗೂ ಕೇಳಿಸುವುದಿಲ್ಲ. ಹೆಚ್ಚಿನ ಹಕ್ಕಿಗಳ ಕಿವಿ ಚುರುಕಾಗಿರುವುದು 1,000ದಿಂದ 5,000 ಹರ್ಟ್ಜ್ ಒಳಗೆ. ಡಬ್ಬಿಯ ಮೇಲೆಯೇ ಹಕ್ಕಿ ಬಂದು ಕೂತರೂ ಆಶ್ಚರ್ಯ ಇಲ್ಲ.

ಗಿಡುಗದ ಕೂಗೂ ಅಷ್ಟಕ್ಕಷ್ಟೇ. ಬೇಟೆಗೆ ಬರುವ ಗಿಡುಗ ಕೂಗಿಕೊಂಡು ಬರುವುದಿಲ್ಲ, ಅಲ್ವಾ? ಅದೇ ಜಾತಿಯ ಹಕ್ಕಿ ಸಿಕ್ಕಿಬಿದ್ದಾಗ ಕಿರುಚುವ ಸದ್ದು ಹಾಕಿದರೆ ಸ್ವಲ್ಪ ಕೆಲಸ ಆಗುತ್ತದೆ.

ಸುಂಟಿಕೊಪ್ಪ ಮಾವ
ಇಷ್ಟೆಲ್ಲಾ ತಲೆಬಿಸಿ ಯಾಕೆ ಮಾರಾಯ? ಗ್ಯಾಸ್ ಗನ್ ಇಡು. ಸಿಲಿಂಡರಿಗೆ ಪೈಪ್ ಕೊಟ್ಟು ಟೈಮರ್ ತಿರುಗಿಸಿದರೆ ಆಯ್ತು, ಅದರಷ್ಟಕ್ಕೇ ಢಂ ಅನ್ನುತ್ತಿರುತ್ತದೆ. ಅದೂ ದುಬಾರಿ ಅನಿಸಿದರೆ ಪಿವಿಸಿ ಪೈಪಿನ ಕಾರ್ಬೈಡ್ ಗನ್.

ಸಿದ್ದಾಪುರದ ಅಕ್ಕ
ಮಾವ, ಕಾರ್ಬೈಡ್ ಗನ್ ಮಾತ್ರ ಯಾರಿಗೂ ಹೇಳಬೇಡಿ. ಕಾರ್ಬೈಡಿಗೆ ನೀರು ಬಿದ್ದರೆ ಅಸಿಟಿಲೀನ್ ಗ್ಯಾಸ್ ಬರುತ್ತದೆ. ಹೊತ್ತಿಕೊಳ್ಳಲಿಲ್ಲ ಅಂತ ಪೈಪಿನೊಳಗೆ ಇಣುಕುವಾಗಲೇ ಅದು ಸಿಡಿಯುವುದು. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಎಷ್ಟೊಂದು ಮಕ್ಕಳ ಕಣ್ಣಿಗೆ ಏಟಾಯಿತು ಅಂತ ಪೇಪರಲ್ಲಿ ಬಂದಿತ್ತಲ್ಲ.

ಗ್ಯಾಸ್ ಗನ್ನಿಗೂ ನನ್ನ ತಕರಾರಿದೆ. ನಮ್ಮ ಕಡೆ ತೋಟದೊಳಗೇ ಆನೆ ನಿಂತಿರುತ್ತದೆ. ಬೆಳಿಗ್ಗೆ ಲೈನ್‌ಮನೆಯಿಂದ ಹೆಂಗಸರು ಕೆಲಸಕ್ಕೆ ಹೊರಡುವ ಹೊತ್ತಿಗೇ ಹಕ್ಕಿ ಬರುವುದು, ಗನ್ ಸಿಡಿಯುವುದೂ ಆಗಲೇ. ಬೆದರಿದ ಆನೆ ಯಾವ ದಾರಿಗೆ ನುಗ್ಗುತ್ತದೆ ಅಂತ ಯಾರು ಹೇಳುತ್ತಾರೆ?

ಬಾಳೆಲೆ ಬಾಯ್
ಕೊಡಗಿನಲ್ಲಿ ಕೂತು ಸ್ಪೀಕರ್ ಹುಡುಕುತ್ತಿದ್ದೀರಲ್ಲ 😄 ಮನೆಯಲ್ಲಿ ಕೋವಿ ಇಲ್ವಾ?

ಹಕ್ಕಿನೋಟ
ತಮಾಷೆ ಸರಿ. ಆದ್ರೆ ಕೊಡವರಿಗೆ ವಿನಾಯಿತಿ ಇರುವುದು ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವುದಕ್ಕೆ, ಹಕ್ಕಿ ಹೊಡೆಯುವುದಕ್ಕಲ್ಲ. 1972ರ ವನ್ಯಜೀವಿ ಕಾಯ್ದೆ ನಮಗೂ ಒಂದೇ. ನವಿಲು ಒಂದನೇ ಶೆಡ್ಯೂಲಿನಲ್ಲಿದೆ, ಕೊಂದರೆ ಕನಿಷ್ಠ 3 ವರ್ಷ ಜೈಲು. ಮೊದಲು ಕೊಲ್ಲಬಹುದಾದ ಉಪದ್ರವಿ ಪ್ರಾಣಿಗಳ ಪಟ್ಟಿಯಲ್ಲಿ ಹಕ್ಕಿ ಅಂತ ಇದ್ದದ್ದು ಕಾಗೆ ಒಂದೇ. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯಿತು. ಓಡಿಸಿ, ಕೊಲ್ಲಬೇಡಿ. ವಿಷ, ಉರುಳು ಕೂಡ ಬೇಡ.

ಮೀನುಕೆರೆ (ಕುಶಾಲನಗರ)
ಕೆರೆಗೆ ಯಂತ್ರವೇ ಬೇಡ ತಮ್ಮಾ. ದಾರ ಕಟ್ಟು.

ನೀರುಕಾಗೆ ಇಳಿಯುವಾಗಲೂ ಏಳುವಾಗಲೂ ನೋಡಿದ್ದೀಯಾ? ಏಳುವಾಗ ನೀರಿನ ಮೇಲೆ ಪಟಪಟ ಕಾಲು ಬಡಿಯುತ್ತಾ ಸ್ವಲ್ಪ ದೂರ ಓಡಬೇಕು ಅದಕ್ಕೆ. ಆ ಜಾಗಕ್ಕೆ ಅಡ್ಡ ದಾರ ಇದ್ದರೆ ಇಳಿಯಲು ಹಿಂದೆಮುಂದೆ ನೋಡುತ್ತದೆ. ನಾವು ಎರಡೂ ಏರಿಯಲ್ಲಿ ಅಡಿಕೆ ದಬ್ಬೆ ಹುಗಿದು ಉದ್ದಕ್ಕೂ ಅಡ್ಡಕ್ಕೂ ಬಿಳಿ ನೈಲಾನ್ ಹಗ್ಗ ಎಳೆದಿದ್ದೇವೆ. ತೆಳು ತಂಗೂಸಿ ಬೇಡ. ಅದು ಹಕ್ಕಿಗೆ ಕಾಣುವುದಿಲ್ಲ, ರೆಕ್ಕೆಗೆ ಸುತ್ತಿಕೊಂಡು ಸಾಯುತ್ತದೆ. ಹಳೆ ಮೀನುಬಲೆ ಹೊದಿಸಿದರೆ ಕೇರೆಹಾವೂ ಸಿಕ್ಕಿಕೊಳ್ಳುತ್ತದೆ. ಹಗ್ಗ ಬಿಗಿಯಾಗಿರಲಿ, ಮಳೆಯಲ್ಲಿ ಸಡಿಲಾದರೆ ಮತ್ತೆ ಎಳಿ.

ಬೆಳ್ಳಕ್ಕಿಯ ಕಥೆ ಬೇರೆ. ಅದು ಅಂಚಿನಿಂದ ನಡೆದುಕೊಂಡು ಬರುತ್ತದೆ. ಸುತ್ತ ಮೊಣಕಾಲೆತ್ತರಕ್ಕೆ ಒಂದು ಹಗ್ಗ ಹಾಕು. ಬೇಸಿಗೆಯಲ್ಲಿ ಕೆರೆ ಹೂಳೆತ್ತುವಾಗ ಅಂಚನ್ನು ಕಡಿದಾಗಿ ಇಳಿಸು. ಆಳ ನೀರಲ್ಲಿ ಅದಕ್ಕೆ ನಿಲ್ಲಲು ಆಗುವುದಿಲ್ಲ. ಮರಿ ಬಿಡುವಾಗಲೂ ಬೆರಳುದ್ದದ್ದಕ್ಕಿಂತ ದೊಡ್ಡದನ್ನೇ ಬಿಡು, ನಷ್ಟ ಕಡಿಮೆ.

ಬೆಸುಗೆ ಹುಡುಗ
ಕೆರೆಗೆ ಒಪ್ಪಿದೆ ಅಣ್ಣ. ಆದ್ರೆ ಗದ್ದೆಗೆಲ್ಲ ಹಗ್ಗ ಎಳೆಯುವುದು ಹೇಗೆ?

ಶನಿವಾರಸಂತೆ ಗದ್ದೆ
ಗದ್ದೆಗೆ ಮಿನುಗುವ ರಿಬ್ಬನ್. ಒಂದು ಕಡೆ ಕೆಂಪು, ಒಂದು ಕಡೆ ಬೆಳ್ಳಿ ಬಣ್ಣ. ತೆನೆಗಿಂತ ಒಂದು ಮೊಳ ಮೇಲೆ, ಎರಡು ಮೂರು ಸುತ್ತು ತಿರುಚಿ ಕಟ್ಟಿದರೆ ಗಾಳಿಗೆ ಮಿನುಗುತ್ತದೆ, ಗುಂಯ್ ಅನ್ನುತ್ತದೆ. ಮಳೆ ಬಿಟ್ಟು ಬಿಸಿಲು ಬಂದ ಮೇಲೆ, ತೆನೆ ಹಾಲು ತುಂಬುವಾಗ ಕಟ್ಟಿ. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಕಟ್ಟಿ ಏನು ಪ್ರಯೋಜನ, ಮಂಜಿನಲ್ಲಿ ಯಾವುದು ಹೊಳೆಯುತ್ತದೆ? ಕಾಳು ಗಟ್ಟಿಯಾದ ಮೇಲೆ ಬಿಚ್ಚಿಡಿ. ಹುತ್ತರಿ (ಸುಗ್ಗಿ ಹಬ್ಬ) ತನಕ ಹಾಗೇ ಬಿಟ್ಟರೆ ಹಕ್ಕಿ ಅದರ ಕೆಳಗೇ ಊಟ ಮಾಡುತ್ತದೆ.

ನವಿಲಿಗೆ ರಿಬ್ಬನ್ ಲೆಕ್ಕಕ್ಕಿಲ್ಲ. ಅದು ನಡೆದು ಬರುತ್ತದೆ. ಸಸಿಮಡಿಗಾದರೆ ಸುತ್ತ ಬಲೆ ಬೇಲಿ ಹಾಕಬಹುದು.

ಸರ್ಕ್ಯೂಟ್ (ಮೈಸೂರಲ್ಲಿ ಕೆಲಸ, ಮನೆ ವಿರಾಜಪೇಟೆ)
ಯಂತ್ರದ ಮಾತಿಗೆ ಬರುತ್ತೇನೆ. ಅಗ್ಗದ ಪಿಐಆರ್ ಸೆನ್ಸರ್ ನೋಡುವುದು ಮೈಯ ಬಿಸಿಯನ್ನು. ರಾಟವಾಳ ಪುಟ್ಟ ಹಕ್ಕಿ, ಮೈ ತುಂಬಾ ಪುಕ್ಕ. ಸ್ವಲ್ಪ ದೂರ ಇದ್ದರೂ ಸೆನ್ಸರಿಗೆ ಗೊತ್ತಾಗುವುದಿಲ್ಲ. ಬಿಸಿಲಿಗೆ ಕಾದ ಬಾಳೆ ಎಲೆ ಅಲ್ಲಾಡಿದರೆ ಮಾತ್ರ ಬೊಬ್ಬೆ ಹೊಡೆಯುತ್ತದೆ. ಚಿಕ್ಕ ಕ್ಯಾಮೆರಾ ಹಾಕಿ ಹಿಂಡು ಇಳಿದದ್ದನ್ನು ಗುರುತಿಸುವುದು ವಾಸಿ, ಕರೆಂಟು ಜಾಸ್ತಿ ತಿನ್ನುತ್ತದೆ ಅಷ್ಟೇ. ಮಳೆಗಾಲದಲ್ಲಿ ಸೋಲಾರ್ ನಂಬಬೇಡಿ, ಬ್ಯಾಟರಿ ಮನೆಗೆ ತಂದು ಚಾರ್ಜ್ ಮಾಡಿ. ಡಬ್ಬಿಯ ವೈರ್ ತೂತಿಗೆ ಸಿಲಿಕಾನ್ ತುಂಬಿ, ಇಲ್ಲಾಂದ್ರೆ ಇರುವೆ ಗೂಡು ಕಟ್ಟುತ್ತದೆ.

ಮುಖ್ಯ ಏನಂದ್ರೆ, ಪ್ರತಿ ಸಲ ಒಂದೇ ಸದ್ದು ಬರಬಾರದು. ನಾಲ್ಕೈದು ಸದ್ದು ಅದಲುಬದಲಾಗಲಿ, ಕೆಲವು ಸಲ ಸುಮ್ನೆ ಲೈಟ್ ಮಾತ್ರ ಮಿನುಗಲಿ. ಸ್ಪೀಕರ್ ಇರುವ ಕಂಬವನ್ನೂ ಆಗಾಗ ಜಾಗ ಬದಲಿಸಿ.

ಸುಂಟಿಕೊಪ್ಪ ಮಾವ
ನಮ್ಮಪ್ಪ ಒಂದೇ ತಗಡು ಬಡಿಯುತ್ತಿದ್ದರು. ಒಂದೇ ಸದ್ದು. ಹಕ್ಕಿ ಓಡುತ್ತಿತ್ತಲ್ಲ?

ಸರ್ಕ್ಯೂಟ್
ತಗಡಿನ ಹಿಂದೆ ನಿಮ್ಮಪ್ಪ ಇದ್ದರಲ್ಲ ಮಾವ! ಬಡಿಯುತ್ತಾ ಗದ್ದೆಗೆ ಇಳಿಯುತ್ತಿದ್ದರು, ಕಲ್ಲು ಬೀಸುತ್ತಿದ್ದರು. ಈಗ ಕಾವಲಿಗೆ ಆಳು ಸಿಗುವುದಿಲ್ಲ, ಅದಕ್ಕೇ ಈ ಯಂತ್ರದ ಮಾತು. ಟೈಮರಿನ ಗ್ಯಾಸ್ ಗನ್ ಹಕ್ಕಿ ಇದ್ದರೂ ಸಿಡಿಯುತ್ತದೆ, ಇಲ್ಲದಿದ್ದರೂ ಸಿಡಿಯುತ್ತದೆ. ಕೆಲವೇ ದಿನಗಳಲ್ಲಿ ಅದರಿಂದ ಅಪಾಯ ಇಲ್ಲ ಅಂತ ಹಕ್ಕಿ ಕಲಿಯುತ್ತದೆ.

ಬಾಳೆಲೆ ಬಾಯ್
ಹಸಿರು ಲೇಸರ್ ಹೇಗೆ? ವಿಡಿಯೋದಲ್ಲಿ ಭಾರೀ ಓಡುತ್ತವೆ.

ಸರ್ಕ್ಯೂಟ್
ಮಬ್ಬು ಬೆಳಕಲ್ಲಿ ಓಡುತ್ತವೆ, ಬಿಸಿಲೇರಿದರೆ ಕಾಣುವುದೇ ಇಲ್ಲ. ಅಗ್ಗದ ಲೇಸರಿನಲ್ಲಿ ಲೇಬಲಿಗಿಂತ ಜಾಸ್ತಿ ಪವರ್ ಇರುವುದುಂಟು. ಕೆರೆ ನೀರಿಗೆ ಬಡಿದು ರಸ್ತೆಯಲ್ಲಿ ಬರುವವರ ಕಣ್ಣಿಗೆ ಹೋದರೆ ಕಷ್ಟ.

ಸಿದ್ದಾಪುರದ ಅಕ್ಕ
ಸ್ಪೀಕರಿಗೂ ಮಿತಿ ಇರಲಿ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಹಾಕುವ ಹಾಗಿಲ್ಲ. ಪಕ್ಕದಲ್ಲಿ ಹೋಂಸ್ಟೇ ಇದ್ದರಂತೂ ಹಕ್ಕಿಗಿಂತ ಮೊದಲು ಟೂರಿಸ್ಟು ಎದ್ದು ಬರುತ್ತಾನೆ. ಇನ್ನೊಂದು ಮಾತು. ಉಳುವಾಗ ಟ್ರ್ಯಾಕ್ಟರ್ ಹಿಂದೆ ಹುಳ ಹೆಕ್ಕುವುದೂ ಬೆಳ್ಳಕ್ಕಿಯ ಬಳಗದ ಹಕ್ಕಿಯೇ, ಆಗ ಓಡಿಸಬೇಡಿ.

ಬೆಸುಗೆ ಹುಡುಗ
ಸರಿ. ಕೆರೆಗೆ ಈ ವಾರವೇ ಹಗ್ಗ. ಗದ್ದೆಗೆ ರಿಬ್ಬನ್, ಜೊತೆಗೆ ಕ್ಯಾಮೆರಾ ಇರುವ ಸ್ಪೀಕರ್ ಒಂದೇ ಒಂದು, ಹಾಲು ತುಂಬುವ ಹೊತ್ತಿಗೆ ಮಾತ್ರ. ಸರ್ಕ್ಯೂಟ್ ಅಣ್ಣ, ಊರಿಗೆ ಬಂದಾಗ ಒಂದು ಫೋನ್ ಮಾಡಿ, ಬೋರ್ಡ್ ತೋರಿಸಬೇಕು. ರಾಟವಾಳದ ಕಿರುಚು ಯಾರ ಹತ್ತಿರವಾದರೂ ರೆಕಾರ್ಡ್ ಇದೆಯಾ?

ಸುಂಟಿಕೊಪ್ಪ ಮಾವ
ರೆಕಾರ್ಡ್ ಇಲ್ಲ. ಗ್ಯಾಸ್ ಗನ್ ಇದೆ, ಬೇಕಾದ್ರೆ ಬಂದು ತಗೊಂಡು ಹೋಗು.

ಸಿದ್ದಾಪುರದ ಅಕ್ಕ
ಮಾವಾ!