ರಜೆಗೆ ಅಗ್ಗದ ವಿಮಾನ: ಹೋಗಿ ಬಂದವರು ಹೇಳಿದ್ದು

ಮಕ್ಕಳ ರಜೆಯಲ್ಲಿ ನಾವು ನಾಲ್ವರು ಪ್ರವಾಸ ಹೊರಟಿದ್ದೇವೆ. ಚಿಕ್ಕವನಿಗೆ ಮೂರು ವರ್ಷ. ಅಗ್ಗದ ವಿಮಾನ ಸಂಸ್ಥೆಯ ಟಿಕೆಟ್ ಉಳಿದವುಗಳ ಅರ್ಧ ದರಕ್ಕೆ ಕಾಣುತ್ತಿದೆ. ನಂಬಬಹುದೇ? ಏನು ನೋಡಿ ಆರಿಸಬೇಕು?

—

ನಂಬಬಹುದು, ಆದರೆ ಆ ದರ ಬರಿಗೈಯಲ್ಲಿ ಹೋಗುವವರದು. ಬ್ರಿಟನ್ನಿನ ಅಗ್ಗದ ಸಂಸ್ಥೆ ಈಸಿಜೆಟ್‌ನ ಮೂಲ ಟಿಕೆಟ್‌ನಲ್ಲಿ ಸೀಟಿನ ಕೆಳಗೆ ಹಿಡಿಸುವ 45×36×20 ಸೆಂಟಿಮೀಟರ್‌ನ ಒಂದು ಚೀಲಕ್ಕಷ್ಟೇ ಅವಕಾಶ, ಹಿಡಿಕೆ ಮತ್ತು ಚಕ್ರ ಆ ಅಳತೆಯೊಳಗೇ ಬರಬೇಕು. ಏರ್‌ಏಷ್ಯಾದವರು ಕೈಚೀಲಗಳನ್ನು ತೂಗುತ್ತಾರೆ. ಎಲ್ಲ ಸೇರಿ 7 ಕಿಲೋ. ನಾನು ಹೋದ ವಿಮಾನದಲ್ಲಿ (ಹೆಸರು ಬೇಡ) ಪೆಟ್ಟಿಗೆ ಅಳತೆಯ ಚೌಕಟ್ಟಿನೊಳಗೆ ಇಳಿಯಿತು, ಎರಡು ಚಕ್ರ ಮಾತ್ರ ಹೊರಗೆ ಉಳಿದವು. ನನ್ನ ಹಿಂದೆ ಸಾಲು ಬೆಳೆಯುತ್ತಿತ್ತು, ವಾದಿಸುವ ಧೈರ್ಯ ಬರಲಿಲ್ಲ. ಗೇಟಿನಲ್ಲಿ ತೆತ್ತ ಶುಲ್ಕ ನನ್ನ ಟಿಕೆಟ್‌ಗಿಂತ ಹೆಚ್ಚಾಗಿತ್ತು.

ಆಮೇಲಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಹೋಲಿಸಬೇಕಾದ ಎರಡೂ ಸಂಸ್ಥೆಗಳಲ್ಲಿ ಲಗೇಜು, ಸೀಟು ಎಲ್ಲವನ್ನೂ ಸೇರಿಸಿಕೊಂಡು ಹಣ ಕಟ್ಟುವ ಕೊನೆಯ ಪುಟದವರೆಗೆ ಹೋಗುತ್ತೇನೆ, ಅಲ್ಲಿ ಕಾಣುವ ಮೊತ್ತವನ್ನು ಮಾತ್ರ ಹೋಲಿಸುತ್ತೇನೆ. ನಾಲ್ವರಿಗೆ ನಾಲ್ಕು ಪೆಟ್ಟಿಗೆ ಬೇಕಿಲ್ಲ. ದೊಡ್ಡದೊಂದನ್ನು ಟಿಕೆಟ್ ಕೊಳ್ಳುವಾಗಲೇ ಸೇರಿಸಿಬಿಡಿ, ಆಗಲೇ ಅದು ಅಗ್ಗ. ಆನ್‌ಲೈನ್ ಚೆಕ್-ಇನ್ ಮರೆಯಬೇಡಿ. ಕೌಂಟರಿನಲ್ಲಿ ಮಾಡಿಸಿದರೆ ದಂಡದಂತೆ ಹಣ ಕೀಳುವ ಸಂಸ್ಥೆಗಳಿವೆ.

—

ಇಳಿಯುವ ನಿಲ್ದಾಣ ಎಲ್ಲಿದೆ ಎಂದು ನಕ್ಷೆಯಲ್ಲಿ ನೋಡಿ. ಪ್ಯಾರಿಸ್ ಹೆಸರು ಹೊತ್ತ ಬೋವೆ ನಿಲ್ದಾಣ ಪ್ಯಾರಿಸ್‌ನಿಂದ ಸುಮಾರು 80 ಕಿಲೋಮೀಟರ್ ದೂರ. ಜರ್ಮನಿಯ ಫ್ರಾಂಕ್‌ಫರ್ಟ್-ಹಾನ್ ನಿಲ್ದಾಣ ಫ್ರಾಂಕ್‌ಫರ್ಟ್‌ನಿಂದ ಇನ್ನೂ ದೂರ, ಸುಮಾರು 120. ನಾಲ್ವರ ಬಸ್ ಖರ್ಚು, ಅರ್ಧ ದಿನ, ದಾರಿಯಲ್ಲಿ ಅಳುವ ಮಗು: ಇವನ್ನೂ ಟಿಕೆಟ್ ದರಕ್ಕೆ ಕೂಡಿಸಿಕೊಳ್ಳಿ.

ಹೊತ್ತಿನ ವಿಷಯವೂ ಇದೆ. ಈ ಸಂಸ್ಥೆಗಳು ವಿಮಾನವನ್ನು ನೆಲದ ಮೇಲೆ ನಿಲ್ಲಲು ಬಿಡುವುದಿಲ್ಲ. ಇಳಿದ ಅರ್ಧ ಗಂಟೆಯೊಳಗೆ ಅದೇ ವಿಮಾನ ಮತ್ತೆ ಹೊರಡುತ್ತದೆ, ದಿನಕ್ಕೆ ಹಲವು ಬಾರಿ. ಹಾಗಾಗಿ ಬೆಳಗಿನ ಇಪ್ಪತ್ತು ನಿಮಿಷದ ವಿಳಂಬ ಹಿಗ್ಗುತ್ತಾ ಹೋಗಿ ರಾತ್ರಿಯ ಪ್ರಯಾಣಿಕರ ತಲೆಯ ಮೇಲೆ ಬೀಳುತ್ತದೆ. ನಾನು ಕೊನೆಯ ವಿಮಾನ ಹತ್ತುವುದನ್ನೇ ಬಿಟ್ಟಿದ್ದೇನೆ. ಮೊದಲನೆಯದಕ್ಕೆ ನಿದ್ದೆಗೆಡಬೇಕು, ನಿಜ. ಆದರೆ ಅದು ರದ್ದಾದರೂ ಅದೇ ದಿನ ಇನ್ನೊಂದು ಸಿಗುವ ಆಸೆ ಇರುತ್ತದೆ. ಒಂದೇ ಮಾರ್ಗದಲ್ಲಿ ವಾರಕ್ಕೆ ಎರಡೇ ದಿನ ಹಾರುವ ಸಂಸ್ಥೆಗಿಂತ ದಿನವೂ ಹಾರುವುದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೆ ನಷ್ಟವಿಲ್ಲ.

—

ನಡುವೆ ವಿಮಾನ ಬದಲಿಸುವುದಿದೆಯೇ? ಎರಡು ಬೇರೆ ಬೇರೆ ಟಿಕೆಟ್‌ಗಳನ್ನು ಜೋಡಿಸಿಕೊಂಡಿದ್ದರೆ ಹುಷಾರು. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆಯಲ್ಲ. ಲಗೇಜನ್ನು ನೀವೇ ಬಿಡಿಸಿಕೊಂಡು ಮತ್ತೆ ಒಪ್ಪಿಸಬೇಕು. ಅದಕ್ಕಾಗಿ ವಲಸೆ ತಪಾಸಣೆ ದಾಟಬೇಕಾಗಿ ಬಂದರೆ ಆ ದೇಶದ ವೀಸಾ ಕೂಡ ಬೇಕಾಗಬಹುದು. ಎರಡು ಗಂಟೆ ಅಂತರ ಸಾಕೆಂದು ನಂಬಿ ಒಮ್ಮೆ ಇಡೀ ರಾತ್ರಿ ನಿಲ್ದಾಣದ ಬೆಂಚಿನ ಮೇಲೆ ಕಳೆದವನು ನಾನು.

—

ಎಲ್ಲರೂ ಹೆದರಿಸುತ್ತಿದ್ದೀರಿ! ಎರಡು ಮೂರು ಗಂಟೆಯ ನೇರ ಪ್ರಯಾಣಕ್ಕೆ ನಾನು ಅಗ್ಗದ್ದನ್ನೇ ಹತ್ತುತ್ತೇನೆ, ಮೊಣಕಾಲು ಮುಂದಿನ ಸೀಟಿಗೆ ತಾಗಿದರೂ ಸರಿ. ಯುರೋಪಿಯನ್ ಒಕ್ಕೂಟದೊಳಗೆ ಹಾರುವುದಾದರೆ ಕಾನೂನಿನ ಬೆಂಬಲವೂ ಇದೆ. ಸಂಸ್ಥೆಯ ತಪ್ಪಿನಿಂದ ವಿಮಾನ ಮೂರು ಗಂಟೆಗಿಂತ ತಡವಾಗಿ ತಲುಪಿದರೆ ದೂರಕ್ಕೆ ತಕ್ಕಂತೆ 250 ಅಥವಾ 400 ಯೂರೋ ಪರಿಹಾರ ಕೊಡಬೇಕು, ಟಿಕೆಟ್ ಎಷ್ಟೇ ಅಗ್ಗವಾಗಿರಲಿ. ಹವಾಮಾನ ಕೆಟ್ಟಿದ್ದರೆ ಆ ಪರಿಹಾರ ಇಲ್ಲ, ಊಟ ಮತ್ತು ವಸತಿಯ ವ್ಯವಸ್ಥೆಯನ್ನಂತೂ ಮಾಡಲೇಬೇಕು.

ನನ್ನ ಒಂದೇ ಹಟ, ಸಂಸ್ಥೆಯ ಜಾಲತಾಣದಲ್ಲೇ ಕೊಳ್ಳುವುದು. ಮಧ್ಯವರ್ತಿಯ ಮೂಲಕ ಕೊಂಡಿದ್ದ ಟಿಕೆಟ್ ರದ್ದಾದಾಗ ಇವರು ಅವರನ್ನು ಕೇಳಿ ಎಂದರು, ಅವರು ಇವರನ್ನು ಕೇಳಿ ಎಂದರು. ಹಣ ಕೈಸೇರಲು ತಿಂಗಳುಗಳೇ ಹಿಡಿದವು.

—

ಕೊನೆಯ ಪುಟದವರೆಗೆ ಹೋಗಿ ನೋಡಿದೆ. ಅರ್ಧ ಎಂದು ಕಂಡದ್ದು ಮುಕ್ಕಾಲಿಗೆ ಬಂದು ನಿಂತಿತು, ಆದರೂ ಉಳಿತಾಯವೇ. ಬೆಳಗಿನ ನೇರ ವಿಮಾನ ಹಿಡಿಯುತ್ತೇವೆ. ಚಿಕ್ಕವನ ತಳ್ಳುಗಾಡಿಗೂ ಹಣ ಕೊಡಬೇಕೇ?

—

ಬಹುತೇಕ ಸಂಸ್ಥೆಗಳಲ್ಲಿ ಬೇಡ. ಸಾಮಾನ್ಯವಾಗಿ ಗೇಟಿನವರೆಗೆ ತಳ್ಳಿಕೊಂಡು ಹೋಗಿ ಅಲ್ಲಿ ಒಪ್ಪಿಸಬಹುದು. ಮಡಚಲು ಬರುವಂಥದ್ದನ್ನೇ ಒಯ್ಯಿರಿ, ಹೆಸರು ಬರೆದ ಚೀಟಿ ಕಟ್ಟಿ.